ಎವಾರಿಸ್ತೊನ ಸಾವಿನ ಕಾರಣ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಚೌಕದ ಸುತ್ತ ಹಗ್ಗ ಬಿಗಿಯುತ್ತಾರೆ,
ಜನ ಹಿಡಿದುಕೊಂಡು ದಾಟಲಿ ಎಂದು.
ನಾನೂ ಹಿಡಿದೇ ಬಂದೆ ಆಸ್ಪತ್ರೆಗೆ,
ನೆಲಮಾಳಿಗೆಯ ಔಷಧಾಲಯಕ್ಕೆ.
ಮೇಜಿನ ಮೇಲೆ ಎರಡು ಪರದೆ:
ಒಂದು ಬೂದು, ಒಂದು ನೀಲಿ.
ಎರಡರಲ್ಲೊಂದನ್ನು ಕೊಳ್ಳುತ್ತಾರಂತೆ ಮೇಲಿನವರು.
ಮೂರು ವಾರ ಬಳಸಿ, ಹೋಲಿಸಿ, ಅಂಕ ಹಾಕಿ ಕೊಡಿ ಎಂದರು.

ನಿಜವಾದ ರೋಗಿಯನ್ನು ಅದರೊಳಗೆ ಬಿಡುವಂತಿಲ್ಲ.
ಅದಕ್ಕೇ ಕಂಪ್ಯೂಟರಿನ ದ್ರಾಗೊ ಒಬ್ಬನನ್ನು ಹುಟ್ಟಿಸಿಕೊಟ್ಟ.
ಹೆಸರು: ಪರೀಕ್ಷೆ. ಮನೆತನ: ಪರೀಕ್ಷೆ. ತೂಕ: ಸೊನ್ನೆ.
ಸೊನ್ನೆ ತೂಕದವನಿಗೆ ಏನು ಕೊಟ್ಟರೂ ಹೆಚ್ಚೇ.
ನಾನೇ ಹೆಸರಿಟ್ಟೆ, ಎವಾರಿಸ್ತೊ ಕಾರ್ಕಾಮೊ.
ಅರವತ್ತೆಂಟು ಕೇಜಿ ಕೊಟ್ಟೆ, ಎಪ್ಪತ್ತೊಂದು ವರ್ಷ ಕೊಟ್ಟೆ,
ಅರ್ಧ ಸೋತ ಮೂತ್ರಪಿಂಡ, ಪೆನಿಸಿಲಿನ್ ಒಗ್ಗದ ಮೈ,
ತಾಳ ತಪ್ಪುವ ಎದೆ, ಅದಕ್ಕೆ ದಿನಾ ವಾರ್ಫರಿನ್.
ಕಸುಬಿನ ಖಾನೆ ಖಾಲಿಯಿತ್ತು.
ಏಡಿ ಹಿಡಿಯುವ ದೋಣಿಯಲ್ಲಿ ಅಡುಗೆಯವ, ಎಂದು ತುಂಬಿದೆ.
ಯಾರೂ ಕೇಳಿರಲಿಲ್ಲ.

ಬೂದು ಪರದೆ ಅಂಜುಬುರುಕ.
ಪ್ಯಾರಸಿಟಮಾಲ್ ಎಂದರೂ ಬೆಚ್ಚುತ್ತದೆ.
ಕೆಂಪು, ಹಳದಿ, ಮತ್ತೆ ಕೆಂಪು.
ಖಚಿತವೇ? ನಿಜಕ್ಕೂ ಖಚಿತವೇ? ಕಾರಣ ಬರೆಯಿರಿ.
ಹದಿನಾರು ಸಲ ಹೌದು ಒತ್ತಿದ ಬೆರಳು
ಹದಿನೇಳನೆಯದಕ್ಕೂ ಹೌದೆಂದಿತು.
ನಿಜವಾದದ್ದು ಅದೊಂದೇ:
ವಾರ್ಫರಿನ್ ಜೊತೆ ಸೇರಬಾರದ ಸಲ್ಫಾ.
ಹುಲಿ ಬಂತು ಹುಲಿ ಎಂದು ಸುಮ್ಮಸುಮ್ಮನೆ ಕೂಗಿದ್ದು ಅದು,
ಬಂದ ಹುಲಿಗೆ ಬಾಗಿಲು ತೆಗೆದದ್ದು ನಾನು.
ಮಂಗಳವಾರ ಸಂಜೆ ಎವಾರಿಸ್ತೊ
ಒಳಗೊಳಗೇ ರಕ್ತ ಸೋರಿ ಸತ್ತ.
ಬುಧವಾರ ಬೆಳಿಗ್ಗೆ ದ್ರಾಗೊ ಎಬ್ಬಿಸಿದ.

ನೀಲಿಯದು ನಯ. ಸದ್ದಿಲ್ಲ.
ಕ್ರಿಯಾಟಿನಿನ್ ಏರಿದರೆ ಔಷಧದ ಪಕ್ಕದಲ್ಲೇ ತೋರಿಸುತ್ತದೆ,
ಹುಡುಕುತ್ತಾ ಏಳು ಕಿಟಕಿ ತೆರೆಯಬೇಕಿಲ್ಲ.
ವೈದ್ಯರು ಬರೆದ ಹೊತ್ತು, ನಾನು ತಡೆದ ಹೊತ್ತು,
ನರ್ಸ್ ಕೊಟ್ಟ ಹೊತ್ತು, ಎಲ್ಲ ಒಂದೇ ಸಾಲಿನಲ್ಲಿ.
ಮನಸೋತೆ.
ಹತ್ತಕ್ಕೆ ಒಂಬತ್ತು ಬರೆದೂಬಿಟ್ಟೆ, ಶಾಯಿಯಲ್ಲಿ.

ಆಮೇಲೆ ಮಾರ್ಫಿನ್.
ನಮ್ಮಲ್ಲಿ ಎರಡೂವರೆ ಬರೆಯುವುದು ಹೀಗೆ:
ಎರಡು, ಒಂದು ಅಲ್ಪವಿರಾಮ, ಐದು.
ಅದನ್ನು ಕಟ್ಟಿದವರ ಊರಲ್ಲಿ ಆ ಜಾಗಕ್ಕೆ ಚುಕ್ಕಿ.
ನಮ್ಮ ಅಲ್ಪವಿರಾಮ ಅದರ ಕಣ್ಣಿಗೆ ಕಸ.
ಗುಡಿಸಿ ಹಾಕಿ, ವಿನಯದಿಂದಲೇ,
ಇಪ್ಪತ್ತೈದು ಎಂದು ಓದಿಕೊಂಡಿತು.
ಕೆಂಪಿಲ್ಲ, ಹಳದಿಯಿಲ್ಲ.
ಎವಾರಿಸ್ತೊ ನಿಧಾನ ಉಸಿರಾಡಿದ,
ಇನ್ನೂ ನಿಧಾನ,
ಆಮೇಲೆ ಆಡಲಿಲ್ಲ.

ಬರೀ ಹೆಸರು ತಾನೇ ಎಂದ ದ್ರಾಗೊ. ಕಾಫಿ ತಂದುಕೊಟ್ಟ.
ಅಷ್ಟರಲ್ಲಿ ಫೋನು. ನಾಲ್ಕನೆಯ ವಾರ್ಡಿನ ನಿಲ್ದಾ.
ಅಲ್ಲಿನ್ನೂ ಕಾಗದ, ಅದರ ಮೇಲೆ ಚಹಾ ಚೆಲ್ಲಿದೆ.
"ಎರಡೂವರೆಯಾ? ಬಾಯಿಬಿಟ್ಟು ಹೇಳಮ್ಮ."
ಎರಡೂವರೆ, ಎಂದೆ.
"ಎರಡೂವರೆ," ಎಂದು ತಿರುಗಿ ಹೇಳಿ ಇಟ್ಟಳು.
ಇದಕ್ಕೆಷ್ಟು ಅಂಕವೋ, ನಮೂನೆಯಲ್ಲಿ ಖಾನೆಯಿರಲಿಲ್ಲ.

ಸಭೆಯಲ್ಲಿ ಹಿರಿಯಳು ಇವೆಲೀಸೆ ಕೇಳಿದಳು,
ಕೊನೆಗೂ ಯಾವುದು?
ನೀಲಿ, ಎಂದೆ. ಅಲ್ಪವಿರಾಮ ಕಲಿಸಿದ ಮೇಲೆ.
ಕಲಿಯದಿದ್ದರೆ?
ಒಂಬತ್ತನ್ನು ಹೊಡೆದುಹಾಕಿದ್ದ ಹಾಳೆ ಮುಂದಿತ್ತು.
ಪಕ್ಕದಲ್ಲಿ ಹೊಸ ಅಂಕ ಬರೆದಿರಲಿಲ್ಲ.

ಕೊನೆಯ ದಿನ ಪರೀಕ್ಷೆಯ ರೋಗಿಯನ್ನು ಅಳಿಸಿ ಎಂದರು.
ಬೂದು ಮೂರು ಸಲ ಕೇಳಿ ಅಳಿಸಿತು.
ನೀಲಿ ಒಪ್ಪಲಿಲ್ಲ. ಒಮ್ಮೆ ಹುಟ್ಟಿದವನನ್ನು ಅಳಿಸಗೊಡದು;
ಸತ್ತನೆಂದು ಗುರುತಿಸಬೇಕು,
ಕಾರಣ ಕಡ್ಡಾಯ, ಪಕ್ಕದಲ್ಲಿ ಕೆಂಪು ನಕ್ಷತ್ರ.
ಬರೆದೆ: ಅಲ್ಪವಿರಾಮ.
ಇದನ್ನೂ ನುಂಗೀತೇನೋ ಎಂದು ನೋಡುತ್ತಾ ಕೂತೆ.
ಇಲ್ಲ. ಪದವಾದ್ದರಿಂದ ಉಳಿಸಿಕೊಂಡಿತು.

ಹೊರಗೆ ಹಗ್ಗ ಇನ್ನೂ ಬಿಗಿದೇ ಇತ್ತು.
ಗಾಳಿ ಇರಲಿಲ್ಲ.
ಹಿಡಿದೇ ದಾಟಿದೆ.